‘ಯಾವ ಪಿಚ್ಚರಿಂದರೀ ಈ ಹಾಡು?’

ಬೆಳಗಾವಿ ಜಿಲ್ಲೆಯ ಈ ಸೀಮೆಯಲ್ಲಿ ‘ನಾಗನೂರಕ್ಕೆ ಹೋಗಬೇಕು’ ಎಂದರೆ ‘ಯಾವ ನಾಗನೂರರೀ?’ ಎಂಬ ಮರುಪ್ರಶ್ನೆ ಬರುವುದು ಸಹಜ. ಆ ಹೆಸರಿನ ಊರು ಹುಕ್ಕೇರಿಯ ಕಡೆಗೂ ಉಂಟು. ನಾವು ಹೇಳುತ್ತಿರುವುದು ಮೂಡಲಗಿಗೆ ಹತ್ತಿರದ ನಾಗನೂರ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಊರು. ಗೋಕಾಕ ಎಂದೊಡನೆ ಓದುಗರಿಗೆ ಜಲಪಾತ, ಹತ್ತಿ ಗಿರಣಿ ಮತ್ತು ಕರದಂಟು ನೆನಪಾಗುತ್ತವೆ. ಆದರೆ ಕಿವಿ ತೆರೆದುಕೊಂಡು ತಿರುಗುವವರಿಗೆ ಇದು ಮುಖ್ಯವಾಗಿ ಹಾಡಿನ ಸೀಮೆ.

ಘಟಪ್ರಭೆಯ ನೀರು ಈ ನಾಡನ್ನು ಕಬ್ಬಿನ ನಾಡನ್ನಾಗಿ ಮಾಡಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಒಂದೊಂದರ ಹಿಂದೆಯೂ ಎರಡೆರಡು ಟ್ರೇಲರ್; ಚಾಲಕನ ತಲೆಯ ಮೇಲೆ, ಬೆನ್ನ ಹಿಂದೆ ದೊಡ್ಡ ದೊಡ್ಡ ಸ್ಪೀಕರುಗಳು. ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲೇ ಹಾಡು ಕಿವಿಗೆ ಬೀಳುತ್ತದೆ. ಮೊದಲು ಕೊಳಲು, ಆಮೇಲೆ ಪಿಟೀಲುಗಳ ಗುಂಪು, ನಂತರ ಎದೆ ನಡುಗಿಸುವ ತಾಳ. ಗಂಡು ದನಿ ಕೇಳುತ್ತದೆ, ಹೆಣ್ಣು ದನಿ ಉತ್ತರಿಸುತ್ತದೆ. ಅಪರಿಚಿತರು ಯಾರೇ ಕೇಳಲಿ, ‘ಇದು ಯಾವ ಪಿಚ್ಚರಿಂದೋ ತಮ್ಮಾ?’ ಎನ್ನುವುದು ಖಂಡಿತ. ಹುಡುಗ ನಗುತ್ತಾನೆ: ‘ಪಿಚ್ಚರಿಂದಲ್ರೀ ಸರ, ಜಾನಪದ ಐತ್ರಿ. ಯೂಟ್ಯೂಬಿನ್ಯಾಗ ಬಂದೈತಿ.’

ಈ ‘ಜಾನಪದ’ ಎಂಬ ಮಾತನ್ನು ಗಮನಿಸಬೇಕು. ಪಠ್ಯಪುಸ್ತಕದ ಜಾನಪದಕ್ಕೆ ಕರ್ತೃವಿಲ್ಲ. ಬೀಸುವ ಕಲ್ಲಿನ ಮುಂದೆ ಯಾರೋ ಹಾಡಿದ್ದು, ಬಾಯಿಂದ ಬಾಯಿಗೆ ಬಂದದ್ದು. ಟ್ರ್ಯಾಕ್ಟರಿನ ಜಾನಪದ ಮೊನ್ನೆ ಮೊನ್ನೆ ಹುಟ್ಟಿದ್ದು. ಕವಿ ಇದ್ದಾನೆ, ಗಾಯಕ ಇದ್ದಾನೆ, ಕೀಬೋರ್ಡು ನುಡಿಸಿದವನಿದ್ದಾನೆ. ಇಲ್ಲದಿರುವುದು ಸಿನಿಮಾ ಒಂದೇ. ಆದರೂ ಕೇಳಿದವರಿಗೆ ಇದೊಂದು ಸಿನಿಮಾದಿಂದ ಕಳಚಿ ಬಂದ ತುಣುಕಿನಂತೆ ಅನ್ನಿಸುವುದೇಕೆ?

ವಾದ್ಯಗಳಷ್ಟೇ ಕಾರಣವಲ್ಲ. ಚಿತ್ರಗೀತೆಗೆ ಒಂದು ಸಂದರ್ಭವಿರುತ್ತದೆ. ಯಾರು ಹಾಡುತ್ತಿದ್ದಾರೆ, ಯಾರಿಗೆ ಹಾಡುತ್ತಿದ್ದಾರೆ, ಅದಕ್ಕೆ ಮುಂಚೆ ಏನಾಯಿತು ಎಂಬುದು ಪ್ರೇಕ್ಷಕನಿಗೆ ಗೊತ್ತು. ಸಿನಿಮಾದ ಹಂಗಿಲ್ಲದ ಹಾಡು ಆ ಕಥೆಯನ್ನು ತನ್ನ ಹೊಟ್ಟೆಯಲ್ಲೇ ಹೊತ್ತು ತರಬೇಕಾಗುತ್ತದೆ. ಒಲಿದವಳು ಬೇರೆಯವನ ಮನೆ ಸೇರಿದಳು, ಗಂಡ ದುಡಿಯಲು ದೂರದೂರಿಗೆ ಹೋದ, ಜಾತ್ರೆಯಲ್ಲಿ ನೋಡಿದವಳ ಊರು ಯಾವುದೋ ತಿಳಿಯದು - ಇಷ್ಟು ಸಾಕು. ಕೇಳುವವನ ಕಣ್ಣ ಮುಂದೆ ಪರದೆ ತಾನಾಗಿಯೇ ಇಳಿಯುತ್ತದೆ. ಹಿಂದಿಯಲ್ಲಿ 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಬಂದಾಗಲೂ ಹೀಗೇ ಆಯಿತು. ಯಾವ ಚಿತ್ರದ್ದೂ ಅಲ್ಲದ ಆ ಹಾಡಿಗೆ ರಾಜಕುಮಾರಿಯೊಬ್ಬಳ ಕಥೆಯಿತ್ತು, ಟಿ.ವಿ.ಯಲ್ಲಿ ಅದನ್ನು ಜನ ಪುಟ್ಟ ಸಿನಿಮಾದಂತೆಯೇ ನೋಡಿದರು.

ಸಿನಿಮಾಕ್ಕಿಂತ ಹಿಂದಿನ ಪರದೆ

ಆದರೆ ನಾಗನೂರಿನ ಸುತ್ತಲಿನ ಜನರ ಕಿವಿ ಈ ಪಾಠವನ್ನು ಸಿನಿಮಾದಿಂದ ಕಲಿತದ್ದಲ್ಲ. ಇದೇ ಸೀಮೆಯಲ್ಲಿ ಕುಲಗೋಡ ಇದೆ. ಶ್ರೀಕೃಷ್ಣ ಪಾರಿಜಾತಕ್ಕೆ ಇಂದಿನ ರಂಗರೂಪ ಬಂದದ್ದು ಈ ಊರಿನ ತಮ್ಮಣ್ಣನವರಿಂದ. ಅಪರಾಳ ತಮ್ಮಣ್ಣ ಬರೆದ ಮೂಲ ಕೃತಿಯನ್ನು ಕುಲಗೋಡ ತಮ್ಮಣ್ಣ 19ನೆಯ ಶತಮಾನದಲ್ಲಿ ಆಡುವ ಆಟವನ್ನಾಗಿ ಮಾಡಿದರು. ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಆ ಆಟದ ಹೆಸರನ್ನು ಊರೂರಿಗೆ ಹಬ್ಬಿಸಿದ ಕಲಾವಿದೆ.

ಕಥೆ ಚಿಕ್ಕದು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಇಷ್ಟು ಕಥೆ ಬೆಳ್ಳಬೆಳತನಕ ಬೆಳೆಯುತ್ತಿತ್ತೆಂದರೆ ಅದು ಹಾಡುಗಳ ಬಲದಿಂದ. ಸಿಟ್ಟಿಗೊಂದು ಹಾಡು, ಸಮಾಧಾನಕ್ಕೊಂದು ಹಾಡು, ವಿರಹಕ್ಕೊಂದು ಹಾಡು. ನಡುವೆ ಭಾಗವತ ಮತ್ತು ದೂತಿಯ ಹಾಸ್ಯ. ಹಾರ್ಮೋನಿಯಂ, ತಬಲಾ, ತಾಳ. ಆಟ ಮುಗಿದ ಮೇಲೆ ಹಾಡುಗಳು ಹೊಲಕ್ಕೆ, ಬಾವಿಗೆ, ಬೀಸುವ ಕಲ್ಲಿಗೆ ಹೋಗುತ್ತಿದ್ದವು. ಆದರೆ ಕೇಳಿದವರಿಗೆ ‘ಇದು ಭಾಮೆಯ ಹಾಡು’ ಎಂದು ಗೊತ್ತಿರುತ್ತಿತ್ತು. ಬೈಲಹೊಂಗಲದಲ್ಲಿ ನಡೆದ ಘಟನೆಯೊಂದರಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಹಾಡುಗಳದ್ದೂ ಇದೇ ರೀತಿ. ಅಂದರೆ ‘ಇದು ಯಾವ ಪಿಚ್ಚರಿನ ಹಾಡು?’ ಎಂಬ ಪ್ರಶ್ನೆಯ ಹಿಂದೆ ‘ಇದು ಯಾವ ಆಟದ ಹಾಡು?’ ಎಂಬ ಹಳೆಯ ಪ್ರಶ್ನೆಯೇ ಇದೆ.

ಸಿನಿಮಾ ಬಂದಾಗ ಅದು ಈ ದಾರಿಯಲ್ಲೇ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣ ನಡೆದದ್ದು ಈ ಸೀಮೆಗೆ ದೂರವಲ್ಲದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದ ಬಂದವರು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು.

ಹೋದ ಹಾಡು, ಬಂದ ಹಾಡು

ಹಾಡುಗಳು ಸಿನಿಮಾಕ್ಕೆ ಹೋಗುತ್ತವೆ, ಸಿನಿಮಾದಿಂದ ಬರುತ್ತವೆ. ಹೋಗಿ ಬರುವಾಗ ದಾರಿಯಲ್ಲಿ ಕಳೆದುಹೋಗುವುದು ಬರೆದವರ ಹೆಸರು.

ಬೇಂದ್ರೆಯವರ ‘ಬೆಳಗು’ ಕವಿತೆಯನ್ನೇ ನೋಡಿ. 1967ರ ‘ಬೆಳ್ಳಿಮೋಡ’ ಚಿತ್ರದಲ್ಲಿ ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಎಸ್. ಜಾನಕಿ ಅದನ್ನು ಹಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಚಿತ್ರಗೀತೆಯೇ ಆಯಿತು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ. ಅದೇ ಹೆಸರಿನ ಚಿತ್ರ ಬಂದದ್ದು ಅರ್ಧ ಶತಮಾನದ ನಂತರ, 1992ರಲ್ಲಿ. ನಡುವೆ ಆಕಾಶವಾಣಿಯ ಕಾಲವೊಂದಿತ್ತು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. 1952ರಲ್ಲಿ ಕೇಂದ್ರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳು ರುಚಿಸುತ್ತಿರಲಿಲ್ಲ. ಅವುಗಳ ಬದಲು ಸುಗಮ ಸಂಗೀತಕ್ಕೆ ಜಾಗ ಸಿಕ್ಕಿತು. ಜನ ಸಿಲೋನ್ ರೇಡಿಯೋ ಕಡೆಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬಂದು ಚಿತ್ರಗೀತೆಗಳು ಮರಳಿದವು. ಆ ಜಗಳದಿಂದ ಕನ್ನಡಕ್ಕೆ ಆದ ಲಾಭವೆಂದರೆ ಕವಿಗಳ ಹಾಡುಗಳು ರೇಡಿಯೋ ಏರಿದ್ದು. 1978ರಲ್ಲಿ ನಿಸಾರ್ ಅಹಮದ್ ಮತ್ತು ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಕ್ಯಾಸೆಟ್ಟು ಆ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿತು.

ಈ ಸೀಮೆಯ ಉದಾಹರಣೆಗಳು ಇನ್ನೂ ಸ್ವಾರಸ್ಯಕರ. ಗೋಕಾಕ ಸೀಮೆಯ ಬೆಟಗೇರಿಯವರಾದ ಕೃಷ್ಣಶರ್ಮರು, ಅಂದರೆ ನಮ್ಮ ‘ಆನಂದಕಂದ’ರು, ಹಳ್ಳಿಯ ಮಾತಿನಲ್ಲೇ ‘ನಲ್ವಾಡುಗಳು’ ಬರೆದರು. ಅವು ಎಷ್ಟು ಸಹಜವಾಗಿವೆ ಎಂದರೆ ಹಾಡುವವರು ಅವನ್ನು ಜನಪದ ಗೀತೆಗಳೆಂದೇ ತಿಳಿಯುವುದುಂಟು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲೆ ಘೋಡಗೇರಿ ಇದೆ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಅಲ್ಲಿ. ಹೈಸ್ಕೂಲು ಓದಿದ್ದು ಗೋಕಾಕದಲ್ಲಿ. ಆಟಗಳ ಹಾಡು ಕೇಳುತ್ತ ಬೆಳೆದ ಅವರು ‘ಕಾಡುಕುದುರೆ’ ಎಂಬ ಚಿತ್ರ ಮಾಡಿ, ಹಾಡನ್ನೂ ತಾವೇ ಬರೆದರು. ಆ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ಬಂತು. ಇಂದು ಅದನ್ನು ಕೇಳುವ ಬಹಳ ಮಂದಿಗೆ ಅದು ಸಿನಿಮಾದ್ದೆಂಬುದೇ ತಿಳಿಯದು. ಭಾವಗೀತೆಯೆಂದೋ ಹಳ್ಳಿಯ ಹಾಡೆಂದೋ ತಲೆದೂಗುತ್ತಾರೆ. 1997ರ ‘ನಾಗಮಂಡಲ’ ಚಿತ್ರದ ಹಾಡುಗಳದ್ದೂ ಅದೇ ಕಥೆ. ಅವನ್ನು ಅಜ್ಜಿಯರ ಕಾಲದ ಹಾಡುಗಳೆಂದು ನಂಬಿದವರು ಅನೇಕರು. ಬರೆದವರು ಗೋಪಾಲ ಯಾಜ್ಞಿಕ್, ರಾಗ ಹಾಕಿದವರು ಸಿ. ಅಶ್ವಥ್.

ಈಚೆಗೆ 2018ರಲ್ಲಿ ‘ರ್‍ಯಾಂಬೋ 2’ ಚಿತ್ರದ ‘ಚುಟು ಚುಟು’ ಹಾಡು ಉತ್ತರ ಕರ್ನಾಟಕದ ಮಾತನ್ನೇ ಬಂಡವಾಳ ಮಾಡಿಕೊಂಡು ರಾಜ್ಯವನ್ನೆಲ್ಲ ಕುಣಿಸಿತು. ಸಿನಿಮಾ ಹಳ್ಳಿಯ ಜಾನಪದದಂತೆ ಹಾಡತೊಡಗಿತು. ಹಳ್ಳಿಯ ಜಾನಪದ ಸಿನಿಮಾದಂತೆ ಹಾಡತೊಡಗಿತು. ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ಯಾವ ಚಿತ್ರದ ನೆರವೂ ಇಲ್ಲದೆ ಮೊಬೈಲಿನಿಂದ ಮೊಬೈಲಿಗೆ ಹಾರಿ ಬೆಂಗಳೂರು ತಲುಪಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಅಂಕಿತ ಮತ್ತು ಧಾಟಿ

ತಂದೆತಾಯಿಗಳಿಗೆ ಇಂಥ ಹಾಡುಗಳ ಬಗ್ಗೆ ಬೇಸರವಿರುವುದು ಸುಳ್ಳಲ್ಲ. ಕೆಲವು ಹಾಡುಗಳ ಮಾತು ಮನೆಯವರ ಮುಂದೆ ಕೇಳುವಂತಿರುವುದಿಲ್ಲ. ಸದ್ದಂತೂ ಪರೀಕ್ಷೆಗೆ ಓದುವ ಮಕ್ಕಳಿಗೆ ನಿಜವಾದ ಕಾಟ. ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಎಸೆಯುವುದು ಸರಿಯಲ್ಲ. ಸಭ್ಯರು ಮೂಗು ಮುರಿಯುತ್ತಿದ್ದ ಸಣ್ಣಾಟ ಇಂದು ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನದ ವಿಷಯ. ಸೋಸಿ ಕೇಳುವುದನ್ನು ಮಕ್ಕಳಿಗೆ ಕಲಿಸುವುದೇ ಮೇಲು.

ಸೋಸುವುದಕ್ಕೆ ಹಿರಿಯರು ಎರಡು ಸಾಧನಗಳನ್ನು ಬಿಟ್ಟುಹೋಗಿದ್ದಾರೆ. ಒಂದು ಅಂಕಿತ. ವಚನಕಾರರು, ದಾಸರು, ಶಿಶುನಾಳ ಷರೀಫರು ಹಾಡಿನ ಕೊನೆಯಲ್ಲಿ ತಮ್ಮ ಗುರುತು ಇಟ್ಟರು. ಗೀಗೀ ಪದದವರೂ ರಿವಾಯತ್ ಪದದವರೂ ಕೊನೆಯ ನುಡಿಯಲ್ಲಿ ಊರಿನ ಹೆಸರು, ಕವಿಯ ಹೆಸರು ಸೇರಿಸಿದರು. ಆಶ್ಚರ್ಯವೆಂದರೆ ಟ್ರ್ಯಾಕ್ಟರಿನ ಹಾಡುಗಳಲ್ಲೂ ಈ ಪದ್ಧತಿ ಬದುಕಿದೆ. ಕೊನೆಯ ಚರಣದವರೆಗೂ ಕೇಳಿದರೆ ಎಷ್ಟೋ ಹಾಡುಗಳಲ್ಲಿ ಬರೆದವನ ಊರು ಸಿಕ್ಕೇಸಿಗುತ್ತದೆ.

ಇನ್ನೊಂದು ಧಾಟಿ. ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳನ್ನೂ ಭಜನೆಯ ಪುಸ್ತಕಗಳನ್ನೂ ತೆರೆದು ನೋಡಿ. ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಎಂದು ಅಚ್ಚು ಹಾಕಿ, ಯಾವ ಹಾಡಿನ ಮಟ್ಟಿನಲ್ಲಿ ಇದನ್ನು ಹಾಡಬೇಕೆಂದು ತಿಳಿಸಿರುತ್ತಿದ್ದರು. ಮರಾಠಿ ರಂಗಗೀತೆಯಿರಲಿ, ಹಿಂದಿ ಸಿನಿಮಾದ ಹಾಡಿರಲಿ, ಎರವಲು ತಂದದ್ದನ್ನು ಎರವಲು ಎಂದೇ ಹೇಳುವ ಪ್ರಾಮಾಣಿಕತೆ ಅದು.

ಇದು ಕೇವಲ ಸೌಜನ್ಯದ ಮಾತಲ್ಲ, ಹೊಟ್ಟೆಪಾಡಿನ ಮಾತೂ ಹೌದು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಹಾಡು ಸಿನಿಮಾದಲ್ಲಿ ಸೇರಿದ ಮೇಲೂ ಗೀತರಚನಕಾರ ಮತ್ತು ಸಂಗೀತ ಸಂಯೋಜಕರಿಗೆ ರಾಯಧನದ ಪಾಲು ಉಳಿಯುವಂತಾಯಿತು. ಕವಿಯ ಆಯುಷ್ಯದ ನಂತರವೂ 60 ವರ್ಷ ಅವನ ಹಕ್ಕು ವಾರಸುದಾರರಿಗೆ ಇರುತ್ತದೆ. ಆದರೆ ಕವಿ ಯಾರೆಂಬುದೇ ಮರೆತುಹೋದರೆ ಪಾಲು ಕೊಡುವುದು ಯಾರಿಗೆ? ಪಾರಿಜಾತದ ಮೇಳದವರ ಮಕ್ಕಳು ತಮ್ಮ ಮನೆಯ ಹಾಡನ್ನು ‘ಯಾವುದೋ ಪಿಚ್ಚರಿನದು’ ಎಂದು ಕೇಳುವ ದಿನ ಬಂದರೆ ನಷ್ಟ ಅವರೊಬ್ಬರದ್ದಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮುಂದಿನ ಗ್ಯಾದರಿಂಗಿಗೆ ಹಾಡು ಆರಿಸುವಾಗ ಅದನ್ನು ಬರೆದವರು ಯಾರು, ರಾಗ ಹಾಕಿದವರು ಯಾರು, ಮೊದಲು ಹಾಡಿದ್ದು ಆಟದಲ್ಲೋ ಪುಸ್ತಕದಲ್ಲೋ ಸಿನಿಮಾದಲ್ಲೋ ಎಂದು ಹುಡುಕಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಕೇಳಿ. ಕುಲಗೋಡ, ಕೌಜಲಗಿಯ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು. ವೇದಿಕೆ ಹತ್ತಿದಾಗ ಹಾಡಿಗೆ ಮುಂಚೆ ಆ ಹೆಸರುಗಳನ್ನು ಗಟ್ಟಿಯಾಗಿ ಹೇಳಿ. ಅದಕ್ಕೆ ಅರ್ಧ ನಿಮಿಷ ಸಾಕು. ಆಮೇಲೆ ಎಷ್ಟು ಬೇಕಾದರೂ ಕುಣಿಯಬಹುದು.