ಮಲ್ಪೆಯ ಬಲರಾಮನೂ ಬಿತ್ತನೆ ಬೀಜವೂ

ನಮ್ಮ ನವಲಿಯ ಕಡೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ನಾವು ಉಣ್ಣುವ ಮೊದಲು ಭೂಮಿತಾಯಿಗೆ ಒಂದು ತುತ್ತು. ಕಡಲಿಗೂ ಇಂಥದೇ ಒಂದು ಹಬ್ಬವಿದೆ ಎಂದು ನನಗೆ ತಿಳಿದದ್ದು ಮಲ್ಪೆಯಲ್ಲಿ.

ಮಗಳನ್ನು ಉಡುಪಿಯ ಕಾಲೇಜಿಗೆ ಸೇರಿಸಲು ಹೋಗಿದ್ದೆ. ಮರುದಿನ ನೂಲಹುಣ್ಣಿಮೆ. ಇಬ್ಬರೂ ಬಸ್ಸು ಹಿಡಿದು ಮಲ್ಪೆಗೆ ಹೋದೆವು. ಕಡಲ ದಂಡೆಗೆ ಹತ್ತಿರದಲ್ಲೇ ವಡಭಾಂಡೇಶ್ವರದ ಬಲರಾಮ ದೇವಸ್ಥಾನ. ಬಿರುಗಾಳಿಗೆ ಸಿಕ್ಕ ಹಡಗೊಂದನ್ನು ಮಧ್ವಾಚಾರ್ಯರು ಪಾರು ಮಾಡಿದರು, ನಾವಿಕ ಕೊಟ್ಟ ಗೋಪಿಚಂದನದ ಗಡ್ಡೆಗಳಲ್ಲಿ ಕೃಷ್ಣ, ಬಲರಾಮರ ಮೂರ್ತಿಗಳು ದೊರೆತವು ಎಂಬುದು ಐತಿಹ್ಯ. ಕೃಷ್ಣ ಉಡುಪಿಗೆ ಹೋದ; ಬಲರಾಮ ಕಡಲ ತಡಿಯಲ್ಲೇ ಉಳಿದ.

ಅಂದು ಮೀನುಗಾರರು ಗುಡಿಯಲ್ಲಿ ಪೂಜೆ ಮುಗಿಸಿ, ಮೆರವಣಿಗೆಯಲ್ಲಿ ಬಂದು ಸಮುದ್ರಕ್ಕೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿದರು.

"ಅಪ್ಪಾ, ಹಾಲು ಹಾಕಿದ್ರ ಮೀನು ಜಾಸ್ತಿ ಸಿಗ್ತಾವೇನು?" ಎಂದಳು ಮಗಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯ ಮೀನುಗಾರರೊಬ್ಬರು ನಕ್ಕರು. "ಹಾಲಿಗೆ ಮೀನು ಬರುದಿಲ್ಲ ಮಗಾ. ಎರಡು ತಿಂಗಳು ಕಡಲನ್ನು ಅದರಷ್ಟಕ್ಕೆ ಬಿಟ್ಟಿದ್ದೇವಲ್ಲ, ಅದಕ್ಕೆ ಬರ್ತದೆ."

ವಿಜ್ಞಾನ ಮೇಷ್ಟರಾದ ನಾನು ಹೇಳಬೇಕಾದ ಉತ್ತರವೂ ಅದೇ ಆಗಿತ್ತು. ಮುಂಗಾರಿನಲ್ಲಿ ಕಡಲ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲಕ್ಕೆ ಬರುತ್ತದೆ. ಬಿಸಿಲು ತಾಗಿ ಸೂಕ್ಷ್ಮ ಸಸ್ಯಗಳು ಹುಲುಸಾಗುತ್ತವೆ. ಬೂತಾಯಿ ಮೀನಿಗೆ ಅದೇ ಮೇವು. ಅದು ಮೊಟ್ಟೆಯಿಡುವುದೂ ಹೆಚ್ಚಾಗಿ ಈ ಕಾಲದಲ್ಲೇ. ಹಿಂದೆ ಮಳೆಗಾಲದ ಅಬ್ಬರವೇ ದೋಣಿಗಳನ್ನು ದಡದಲ್ಲಿ ಕೂರಿಸುತ್ತಿತ್ತು. ಈಗ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸರ್ಕಾರದ ನಿಷೇಧವಿದೆ.

ಬಂದರಿನಲ್ಲಿ ಸುತ್ತಾಡಿದಾಗ ಈ ಕಾಯುವಿಕೆಯ ಭಾರ ಕಂಡಿತು. ಬಲೆ ಹೊಲಿಯುವವರು, ಮಂಜುಗಡ್ಡೆ ಹೊರುವವರು, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಲಾರಿಯವರು: ದೋಣಿ ನಿಂತರೆ ಎಲ್ಲರ ಗಳಿಕೆಗೂ ಪೆಟ್ಟು. ಆದರೂ ಆ ಹಿರಿಯರ ಚಿಂತೆ ಬೇರೆಯಿತ್ತು. "ಬಲೆಯ ಕಣ್ಣು ಸಣ್ಣದಾಯ್ತು ಮಾಸ್ಟ್ರೇ. ಮರಿಮೀನೂ ಬಲೆಗೆ ಬೀಳ್ತದೆ, ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗ್ತದೆ. ನಾಳೆಗೆ ಏನುಂಟು?"

ನನಗೆ ನಮ್ಮವ್ವನ ನೆನಪಾಯಿತು. ಬರಗಾಲದಲ್ಲಿ ಒಪ್ಪೊತ್ತು ಉಂಡರೂ ಆಕೆ ಬಿತ್ತನೆ ಜೋಳದ ಚೀಲಕ್ಕೆ ಕೈ ಹಚ್ಚುತ್ತಿರಲಿಲ್ಲ. ಮರಿಮೀನು ಕಡಲಿನ ಬಿತ್ತನೆ ಬೀಜ.

ಮರಳುವಾಗ ಮಗಳು, "ಹಂಗಾದ್ರ ಆ ಹಾಲು ಯಾಕಪ್ಪಾ?" ಎಂದು ಮತ್ತೆ ಕೇಳಿದಳು. "ನಾವು ಚರಗ ಯಾಕ ಚೆಲ್ತೀವಿ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ತಗೊಳ್ಳೋಕಿಂತ ಮೊದಲು ಕೊಡಬೇಕು ಅನ್ನೋದು ಮರೀಬಾರದು ಅಂತ."