ಅಚ್ಚು ಕಲಿತ ಹಕ್ಕರಕಿ ರುಚಿ

ಹಸಿ ಹಕ್ಕರಕಿ ಎಲೆ ಕಡಿದಾಗ ಕರ್ ಅನ್ನುವ ಸಣ್ಣ ಸದ್ದು ಬರುತ್ತದೆ. ಜೋಳದ ರೊಟ್ಟಿಯ ಜೊತೆ ಅದನ್ನು ತಿಂದು ಬೆಳೆದ ನಮಗೆಲ್ಲ ಆ ಸದ್ದು ಗೊತ್ತು. ಈಗ ಬೆಟಗೇರಿಯ ನಮ್ಮ ಹಿತ್ತಲಲ್ಲಿ ಬೆಳಗಿನ ಬಿಸಿಲಿಗೆ ಆ ಸದ್ದು ಮಾಡುವುದು ಒಂದು ಎಳೆಯ ಆಮೆ. ಅದನ್ನು ಕೇಳಲಿಕ್ಕೆ ಎರಡು ತಿಂಗಳಿಗೂ ಮಿಕ್ಕಿ ಕಾದೆ.

ಆಮೆಯ ಹೆಸರು ಅಚ್ಚು. ಸೀಗಿ ಹುಣ್ಣಿಮೆಯ ಹೊತ್ತಿಗೆ ಮನೆಗೆ ಬಂದಾಗ ಬಣ್ಣದಲ್ಲೂ ಗಾತ್ರದಲ್ಲೂ ಪುಟ್ಟ ಬೆಲ್ಲದಚ್ಚಿನ ಹಾಗೇ ಇತ್ತು. ಹೊರದೇಶಕ್ಕೆ ಹೊರಟ ಸೋದರಳಿಯ ಕೈಗಿಟ್ಟು ಹೋದದ್ದು. ಜಾತಿ ಸುಲ್ಕಾಟಾ, ಮೂಲ ಸಹಾರಾದ ದಕ್ಷಿಣದ ಅಂಚಿನ ಸಾಹೇಲ್ ಬಯಲು. ನಮ್ಮ ನೆಲದ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸುಲ್ಕಾಟಾ ಸಾಕುವುದಕ್ಕೂ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಆ ಕೆಲಸ ಮುಗಿಸಿಕೊಂಡೇ ಅಚ್ಚುವನ್ನು ಹಿತ್ತಲಿಗೆ ಬಿಟ್ಟೆ.

ಬೆಂಗಳೂರಿನಲ್ಲಿ ಸೋದರಳಿಯನ ಹತ್ತಿರ ಇದ್ದಾಗ ಅದಕ್ಕೆ ಸೌತೆಕಾಯಿ, ಟೊಮೆಟೊ, ಬಾಳೆಹಣ್ಣಿನ ರೂಢಿಯಾಗಿತ್ತು. ನಾನು ಕರಕಿ ಹುಲ್ಲು ಮುಂದಿಟ್ಟರೆ ಮೂಸಿ ನೋಡಿ ಕತ್ತು ಒಳಗೆಳೆದುಕೊಳ್ಳುತ್ತಿತ್ತು. ಮೆಂತ್ಯ ಇಟ್ಟರೆ ಅದರ ಮೇಲೇ ಕಾಲಿಟ್ಟು ದಾಟಿ ಹೋಗುತ್ತಿತ್ತು. ಅಷ್ಟು ಚಿಕ್ಕ ಜೀವ ಉಪವಾಸ ಕೂತದ್ದು ನೋಡಿ ಕರುಳು ಚುರುಕ್ ಅನ್ನುತ್ತಿತ್ತು. ಕೈ ತಾನಾಗಿ ಸೌತೆಕಾಯಿಯ ಕಡೆ ಹೋಗುತ್ತಿತ್ತು. ಆದರೆ ಸೌತೆಕಾಯಿಯ ತುಂಬ ನೀರೇ. ಹಣ್ಣಿನ ಸಕ್ಕರೆ ಆಮೆಯ ಕರುಳಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳನ್ನು ಕೆಡಿಸುತ್ತದೆ. ಒಣಬಯಲ ಹುಲ್ಲು ಮೇಯಲಿಕ್ಕೆ ಹುಟ್ಟಿದ ಜೀವ ಇದು. ಬೆಳೆಯುವ ಚಿಪ್ಪಿಗೆ ಕ್ಯಾಲ್ಸಿಯಂ ಬೇಕು, ಅದೂ ರಂಜಕದ ಎರಡರಷ್ಟು. ಅದು ಸಾಲದಾದರೆ ಚಿಪ್ಪು ಮೆತ್ತಗಾಗುತ್ತದೆ. ಪಾಲಕ್ ಕೊಡೋಣವೆಂದರೆ ಅದರ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ.

ಆಮೆ ಸಾಕುವವರ ಪುಸ್ತಕಗಳೆಲ್ಲ ಡ್ಯಾಂಡೆಲಿಯನ್ ಸೊಪ್ಪು ಕೊಡಿ ಅನ್ನುತ್ತವೆ. ಗದಗಿನಲ್ಲಿ ಅದನ್ನೆಲ್ಲಿ ಹುಡುಕಲಿ? ಒಂದು ಸಂಜೆ ಅದರ ಚಿತ್ರವನ್ನೇ ನೋಡುತ್ತ ಕೂತಿದ್ದೆ. ನೆಲಕ್ಕೆ ಅಂಟಿಕೊಂಡ ಹಲ್ಲುಹಲ್ಲಿನ ಎಲೆ, ಮುರಿದರೆ ಹಾಲು, ಪುಟ್ಟ ಹಳದಿ ಹೂವು, ಗಾಳಿಗೆ ತೇಲುವ ಬೀಜ. ಇದನ್ನು ನಾನು ಸಾವಿರ ಸಲ ಕಂಡಿದ್ದೇನೆ! ಹಕ್ಕರಕಿಯೂ ಡ್ಯಾಂಡೆಲಿಯನ್ನೂ ಒಂದೇ ಬಳಗ; ಎರಡೂ ಸೂರ್ಯಕಾಂತಿಯ ಕುಟುಂಬದವು. ಪರದೇಶದ ಪುಸ್ತಕ ಹೇಳಿದ ಔಷಧಿ ಮುಂಡರಗಿಯ ಎರಿ ಹೊಲದಲ್ಲಿ, ಹಿಂಗಾರಿ ಜೋಳದ ಸಾಲಿನ ನಡುವೆ ತಾನಾಗಿ ಬೆಳೆದಿತ್ತು.

ಅಂದಿನಿಂದ ನನ್ನ ತಿರುಗಾಟಕ್ಕೆ ಹೊಸ ಕಣ್ಣು ಬಂತು. ಮುಂಡರಗಿ ಕಡೆಯ ಹೊಲದಲ್ಲಿ ಸೊಪ್ಪು ಹರಿಯುತ್ತಿದ್ದ ಅಜ್ಜಿಯೊಬ್ಬರು, "ಹುಳಾ ತಿಂದ ಎಲಿ ನೋಡಿ ಹರಕೋರಿ, ಎಣ್ಣಿ ಹೊಡದಿಲ್ಲಂತ ತಿಳೀತದ" ಅಂದರು. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಅನ್ನುವುದು ವಾಡಿಕೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಶಿರಹಟ್ಟಿ ದಾರಿಯ ಬೇಲಿಗಳಿಂದ ಪಾಪಾಸುಕಳ್ಳಿಯ ಎಳೆ ಹಾಳೆ ಕೊಯ್ದು ತಂದೆ. ಅದರಲ್ಲಿ ನಾರೂ ಇದೆ, ಕ್ಯಾಲ್ಸಿಯಮ್ಮೂ ಇದೆ. ಕಣ್ಣಿಗೆ ಕಾಣದಂಥ ಮುಳ್ಳನ್ನು ಒಲೆಯ ಉರಿಗೆ ಹಿಡಿದು ಸುಟ್ಟು, ತೊಳೆದು, ಹೆಚ್ಚಬೇಕು. ಲಕ್ಷ್ಮೇಶ್ವರದ ಅಕ್ಕನ ಮನೆಯ ಅಂಗಳ ದಾಸವಾಳ ಕೊಟ್ಟಿತು, ಹೂವನ್ನೂ ಎಲೆಯನ್ನೂ.

ತಿನ್ನಿಸುವ ಹದ ಕಲಿತದ್ದು ನಿಧಾನಕ್ಕೆ. ಮೈ ಬೆಚ್ಚಗಾಗದೆ ಆಮೆಗೆ ಹಸಿವೇ ಹುಟ್ಟುವುದಿಲ್ಲ. ಅದಕ್ಕೇ ಮೊದಲು ಅಗಲ ಬೋಗುಣಿಯಲ್ಲಿ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರು, 20 ನಿಮಿಷ. ಆಮೇಲೆ ಎಳೆ ಬಿಸಿಲು. ಅದರ ನಂತರ ಊಟ, ಅದೂ ಹಾಸುಗಲ್ಲಿನ ಮೇಲೆ. ಕಲ್ಲಿಗೆ ತಾಗಿ ತಾಗಿ ಕೊಕ್ಕು ಸವೆಯುತ್ತದೆ. ಮೊದಲ ವಾರ 9 ಪಾಲು ಸೌತೆಕಾಯಿಗೆ 1 ಪಾಲು ಹಕ್ಕರಕಿ, ಎಳ್ಳಿನಷ್ಟು ಸಣ್ಣಗೆ ಹೆಚ್ಚಿ, ಆರಿಸಿ ಬಿಡಲು ಬಾರದ ಹಾಗೆ ಕಲೆಸಿದ್ದು. ವಾರಕ್ಕೊಂದು ಪಾಲು ಸೌತೆ ಇಳಿಸಿದೆ, ಸೊಪ್ಪು ಏರಿಸಿದೆ. ಮುನಿಸಿಕೊಂಡ ದಿನ ಮೇಲೊಂದು ಕೆಂಪು ದಾಸವಾಳದ ಎಸಳು. ಕೆಂಪು ಕಂಡರೆ ಅದರ ಕಣ್ಣು ಅರಳುತ್ತದೆ, ಕತ್ತು ಉದ್ದವಾಗುತ್ತದೆ. ಎಸಳಿನ ಹಿಂದೆಯೇ ಸೊಪ್ಪೂ ಬಾಯಿಗೆ ಹೋಗುತ್ತದೆ. ಭಾನುವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಮುಳ್ಳು ಇಳಿಯದಿದ್ದರೆ ಸಾಕು, ಒಂದು ಹೊತ್ತು ಬಿಟ್ಟರೂ ಚಿಂತೆಯಿಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ. ತಾಳುವುದು ಕಲಿಯಬೇಕಾದದ್ದು ನಾನೇ ಎಂದು ಹಾಗೆ ತಿಳಿಯಿತು.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಮಡಿಲ ತುಂಬ ಹಕ್ಕರಕಿ ತಂದೆವು. ಮರುದಿನ ಹೆಚ್ಚದೆ, ಕಲೆಸದೆ, ಇಡೀ ಎಲೆಯೊಂದನ್ನು ಕಲ್ಲಿನ ಮೇಲಿಟ್ಟೆ. ಅಚ್ಚು ಬಂತು, ಮೂಸಿತು. ಮುಂಗಾಲನ್ನು ಎಲೆಯ ಮೇಲೂರಿ, ಕತ್ತು ಹಿಂದಕ್ಕೆಳೆದು ಹರಿಯಿತು. ಕರ್! ಬಾಯಂಚಿನಲ್ಲಿ ಹಸಿರು ಮೆತ್ತಿತ್ತು. ಅವತ್ತು ನಾನೂ ಅದರ ಪಕ್ಕದಲ್ಲೇ ಕೂತು ರೊಟ್ಟಿ ಉಂಡೆ.

ಈ ಜಾತಿ 50 ವರ್ಷ ದಾಟಿ ಬದುಕುತ್ತದೆ, ಬೆಳೆದರೆ 40 ಕಿಲೋ ಮೀರುತ್ತದೆ. ನನ್ನ ಕಾಲ ಮುಗಿದ ಮೇಲೂ ಅಚ್ಚುವಿಗೆ ಹಸಿವಾಗುತ್ತದೆ. ಅದಕ್ಕೇ 9 ವರ್ಷದ ಮಗಳನ್ನು ಹೊಲಕ್ಕೆ ಕರೆದೊಯ್ಯುತ್ತೇನೆ. ಮೊನ್ನೆ ಅವಳು ಬದುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಹರಿದು ಹಾಲು ನೋಡಿದಳು, ತುದಿ ಕಚ್ಚಿ ಕಹಿ ನೋಡಿದಳು. ಆಮೇಲೆ ಹುಳ ತಿಂದ ತೂತುಗಳನ್ನು ಎಣಿಸಿ, "ಇದು ಅಚ್ಚುಗ ನಡೀತದ" ಎಂದು ತನ್ನ ಚೀಲಕ್ಕೆ ಹಾಕಿಕೊಂಡಳು.