ಎರಡನೇ ಸ್ಥಾನಕ್ಕೆ ಬಸ್ಸಿಲ್ಲ

ನಾವು ಹುನಗುಂದ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನ ಕಬಡ್ಡಿ ಹುಡುಗಿಯರು. ವಲಯ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ, ಅದರಾಚೆ ಬೆಳಗಾವಿ ವಿಭಾಗ, ಕೊನೆಗೆ ರಾಜ್ಯ. ಈ ಏಣಿ ನಮಗೆ ಮಗ್ಗಿಯಂತೆ ಬಾಯಿಪಾಠ.

ಹತ್ತನೇ ತರಗತಿಯಲ್ಲಿದ್ದಾಗ ತಾಲ್ಲೂಕು ಫೈನಲ್ಲಿನಲ್ಲಿ ಇಳಕಲ್ಲಿನ ತಂಡ ಎದುರಾಯಿತು. ಎರಡೇ ಪಾಯಿಂಟಿನಿಂದ ಸೋತೆವು. ಅವರು ಬಾಗಲಕೋಟೆಗೆ ಹೋದರು, ನಾವು ಮನೆಗೆ ಬಂದೆವು. ಬಾದಾಮಿ ತಾಲ್ಲೂಕಿನಿಂದ ಬಂದದ್ದು, ಬನಶಂಕರಿ ಜಾತ್ರೆ ಹೊತ್ತಿನಲ್ಲಿ ನಾವೇ ಸೋಲಿಸಿದ್ದ ತಂಡ. ಅವರಿಗೆ ಜಿಲ್ಲಾ ಮಟ್ಟದ ಸರ್ಟಿಫಿಕೇಟು ಸಿಕ್ಕಿತು. ಇಳಕಲ್ ಈಗ ಬೇರೆ ತಾಲ್ಲೂಕು. ಆಗಲೇ ಹಾಗಿದ್ದಿದ್ದರೆ ಇಬ್ಬರೂ ಬಾಗಲಕೋಟೆಯ ಬಸ್ಸು ಹತ್ತುತ್ತಿದ್ದೆವೇನೋ.

ಪತ್ರಿಕೋದ್ಯಮ ಓದುವಾಗ ಕ್ರೀಡಾ ವರದಿಗಾರಿಕೆಯ ಪಾಠಕ್ಕೆಂದು ಅಮೆರಿಕದ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್ ಬಗ್ಗೆ ತಿಳಿದುಕೊಂಡೆವು. 32 ತಂಡ, ಎರಡು ಕಾನ್ಫರೆನ್ಸ್. ಪ್ರತಿ ಕಾನ್ಫರೆನ್ಸಿನಲ್ಲಿ ನಾಲ್ಕು ಡಿವಿಜನ್, ಡಿವಿಜನ್ನಿಗೆ ನಾಲ್ಕು ತಂಡ. ಒಂದೇ ಡಿವಿಜನ್ನಿನವರು ವರ್ಷಕ್ಕೆ ಎರಡು ಸಲ ಎದುರಾಗುತ್ತಾರೆ. ಅಂದರೆ ಸೋತವರಿಗೆ ಇನ್ನೊಂದು ಪಂದ್ಯ ಇದ್ದೇ ಇದೆ. ಗೆರೆ ಎಳೆಯುವುದರಲ್ಲಿ ಅಲ್ಲೂ ನಕಾಶೆ ಒಂದನ್ನೇ ನೋಡುವುದಿಲ್ಲ. ಟೆಕ್ಸಾಸಿನ ಡಲ್ಲಾಸ್ ತಂಡ ನ್ಯೂಯಾರ್ಕ್, ಫಿಲಡೆಲ್ಫಿಯಾ ಜೊತೆ ಪೂರ್ವ ಡಿವಿಜನ್ನಿನಲ್ಲಿದೆ, ಹಳೆಯ ಜಿದ್ದು ಉಳಿಯಲೆಂದು.

ಅನ್ಯಾಯ ಅಲ್ಲೂ ಉಂಟು. 2010ರ ಋತುವಿನಲ್ಲಿ 7 ಗೆದ್ದು 9 ಸೋತ ಸಿಯಾಟಲ್, ಡಿವಿಜನ್ ಗೆದ್ದಿತೆಂದು ಪ್ಲೇಆಫ್ ಸೇರಿತು. 10 ಪಂದ್ಯ ಗೆದ್ದ ನ್ಯೂಯಾರ್ಕ್ ಜೈಂಟ್ಸ್ ಹೊರಗುಳಿಯಿತು. ನಮಗೆ ಥಟ್ಟನೆ ಬಾದಾಮಿ ತಂಡ ನೆನಪಾಯಿತು. ಆದರೆ ಅಲ್ಲಿ ವೈಲ್ಡ್ ಕಾರ್ಡ್ ಅಂತ ಒಂದು ಬಾಗಿಲಿದೆ. ಈಗ ಪ್ರತಿ ಕಾನ್ಫರೆನ್ಸಿನಿಂದ ನಾಲ್ಕು ಡಿವಿಜನ್ ವಿಜೇತರ ಜೊತೆ, ಉಳಿದವರಲ್ಲಿ ಚೆನ್ನಾಗಿ ಆಡಿದ ಮೂವರೂ ಮುಂದೆ ಹೋಗುತ್ತಾರೆ. ಗಟ್ಟಿ ಗುಂಪಿನಲ್ಲಿ ಎರಡನೆಯವರಾಗುವುದು ತಪ್ಪಲ್ಲ ಎಂದು ಆ ನಿಯಮ ಒಪ್ಪಿಕೊಂಡಿದೆ.

ನಮ್ಮ ತಂಡದ ರೈಡರ್ ಕಾಲೇಜಿಗೆ ಬರಲಿಲ್ಲ. “ಜಿಲ್ಲಾಕ್ಕ ಹೋದ್ರ ಮುಂದ ಓದಸ್ತೀವಿ” ಎಂದಿದ್ದರು ಮನೆಯಲ್ಲಿ. ಈಗ ಅವಳು ಇಳಕಲ್ಲಿನ ಸೊಸೆ, ಮಗ್ಗದ ಮನೆ. ಹೋದ ಸಲ ಅಲ್ಲಿಗೆ ಹೋದಾಗ ಚಹಾ ಕೊಟ್ಟು, ಮಗಳ ಶಾಲೆಯ ಆಟದ ಮಾತು ತೆಗೆದಳು.

“ಎರಡನೇದ್ ಬಂದೋರಿಗೆ ಈಗರ ಏನರ ಐತೇನ್ರವಾ?”

ಅಮೆರಿಕದ ಕಥೆಯನ್ನೆಲ್ಲ ಹೇಳಿದೆವು. ಪೂರ್ತಿ ಕೇಳಿಸಿಕೊಂಡಳು.

“ನಾ ಕೇಳಿದ್ದು ಇಲ್ಲೀದು,” ಎಂದಳು.